ಕಿರಿಯಾಮಾದಲ್ಲಿ ತಂಗಿದ್ದವನು

ಸ್ನಾನ ಮುಗಿಸಿ ಕೈ ಒರೆಸಿಕೊಳ್ಳುವಾಗ ಕ್ರಿಸ್ಟಿನ್ ಲೋಬೊಳ ಕಣ್ಣು ತನ್ನ ಉಂಗುರದ ಮೇಲೆ ಬಿತ್ತು. ನೀರಿಗಿಳಿಯುವಾಗ ಹೊಳೆಯುತ್ತಿದ್ದ ಬೆಳ್ಳಿ ಈಗ ಕಾಡಿಗೆ ಬಳಿದಂತೆ ಕಪ್ಪಾಗಿತ್ತು.

ಟವೆಲಿನಿಂದ ಉಜ್ಜಿದಳು. ಉಗುರಿನಿಂದ ಕೆರೆದಳು. ಕಪ್ಪು ಜಗ್ಗಲಿಲ್ಲ.

ಸುತ್ತ ಆಳೆತ್ತರದ ಬಿದಿರಿನ ಬೇಲಿ, ನಡುವೆ ಬಂಡೆಗಲ್ಲು ಜೋಡಿಸಿದ ಕೊಳ, ಕೊಳದ ಮೇಲೆ ತೆಳ್ಳಗೆ ಹಬೆ. ಬೇಲಿಯಾಚೆ ಮಲೇಷ್ಯಾದ ಬೆಂತೋಂಗ್‌ನ ಗುಡ್ಡಗಳು ಸಂಜೆಯ ಮಂಜಿನಲ್ಲಿ ಒಂದೊಂದಾಗಿ ಅಳಿಸಿಹೋಗುತ್ತಿದ್ದವು. ಇಷ್ಟು ಹೊತ್ತು ಬಿಸಿನೀರಿನಲ್ಲಿ ಕೂತಿದ್ದರೂ ಒಂದೂ ಮನುಷ್ಯಧ್ವನಿ ಕಿವಿಗೆ ಬಿದ್ದಿರಲಿಲ್ಲ.

ಅದು ಅಮ್ಮನ ಉಂಗುರ. ಹಿಂದಿನ ಸಲ ಊರಿಗೆ ಹೋದಾಗ ಅಮ್ಮ ತಾನೇ ಬೆರಳಿನಿಂದ ಕಳಚಿ ಕೊಟ್ಟದ್ದು. ಮಂಗಳೂರಿನ ಬೋಂದೆಲ್‌ನಲ್ಲಿ ಅಮ್ಮ ತೀರಿಕೊಂಡಾಗ ಲಾಕ್‌ಡೌನಿನಿಂದಾಗಿ ವಿಮಾನಗಳು ಹಾರುತ್ತಿರಲಿಲ್ಲ. ಮಣ್ಣು ಕೊಡುವುದನ್ನು ಕ್ರಿಸ್ಟಿನ್ ತನ್ನ ಫ್ಲ್ಯಾಟಿನ ಅಡುಗೆಮನೆಯಲ್ಲಿ, ಸಕ್ಕರೆ ಡಬ್ಬಿಗೆ ಫೋನು ಒರಗಿಸಿಟ್ಟು ನೋಡಿದ್ದಳು. ಕೊನೆಯ ಪ್ರಾರ್ಥನೆಯ ನಡುವೆ ನೆಟ್‌ವರ್ಕ್ ಹೋಗಿ, ಮತ್ತೆ ಬರುವಷ್ಟರಲ್ಲಿ ಎಲ್ಲರೂ ಚದುರಿದ್ದರು.

ಪಡಸಾಲೆಗೆ ಬಂದು ಉಂಗುರ ತೋರಿಸಿದಾಗ ಮದಾಮ್ ಯೋಕ್ ಎರಡೂ ಕೈ ಜೋಡಿಸಿ ಕ್ಷಮೆ ಕೇಳಿದರು. ಅವರೇ ಈ ಕಿರಿಯಾಮಾ ವಸತಿಗೃಹದ ಯಜಮಾನಿ. ಅರವತ್ತು ದಾಟಿದ ಚೀನೀ ಹೆಂಗಸು. ಅಣೆಕಟ್ಟು ಕಟ್ಟಲು ಬಂದಿದ್ದ ಜಪಾನೀ ಎಂಜಿನಿಯರನ್ನು ಮದುವೆಯಾಗಿ, ಅವನು ತನ್ನ ಹಳ್ಳಿಯ ನೆನಪಿಗೆಂದು ಈ ಬಿಸಿನೀರಿನ ಬುಗ್ಗೆಯ ಪಕ್ಕ ಕಟ್ಟಿಸಿದ ಮರದ ಮನೆಯನ್ನು ಅವನು ಹೋದ ಮೇಲೂ ನಡೆಸಿಕೊಂಡು ಬಂದವರು. ನೋಡುವವರಿಲ್ಲದಿದ್ದರೂ ದಿನವೂ ಕಿಮೋನೊ ಉಡುತ್ತಿದ್ದರು. ಮುಖಕ್ಕೆ ಮಾತ್ರ ನೀಲಿ ಮಾಸ್ಕು.

ಹೇಳಲು ಮರೆತೆ ಲಾ, ಎಂದರು ಯೋಕ್ ಇಲ್ಲಿನವರ ಧಾಟಿಯ ಇಂಗ್ಲಿಷಿನಲ್ಲಿ. ಈ ನೀರಿನಲ್ಲಿ ಗಂಧಕ ಜಾಸ್ತಿ. ಚಿನ್ನಕ್ಕೆ ಏನೂ ಆಗುವುದಿಲ್ಲ, ಬೆಳ್ಳಿ ಮಾತ್ರ ಕಾಲು ಗಂಟೆಯಲ್ಲಿ ಕಪ್ಪಾಗುತ್ತದೆ. ಮೊದಲೆಲ್ಲ ಸ್ನಾನದ ಮನೆಯ ಬಾಗಿಲಲ್ಲಿ ಎಚ್ಚರಿಕೆಯ ಹಲಗೆ ಇತ್ತು. ಅತಿಥಿಗಳೇ ಇಲ್ಲದ ಮೇಲೆ ಯಾರಿಗಾಗಿ ಎಂದು ಒಳಗಿಟ್ಟಿದ್ದೆ.

ನಿಜವಾಗಿಯೂ ಅತಿಥಿಗಳಿರಲಿಲ್ಲ. ರಾಜ್ಯದಿಂದ ರಾಜ್ಯಕ್ಕೆ ಹೋಗಲು ಪೊಲೀಸರ ಪರವಾನಗಿ ಬೇಕಿದ್ದ ಕಾಲ. ಗಡಿ ಮುಚ್ಚುವ ಮೊದಲೇ ಬಂದು ಇಲ್ಲೇ ಉಳಿದಿದ್ದ ಒಬ್ಬನೇ ಒಬ್ಬ ಅತಿಥಿ, ಸೈಬರ್‌ಜಯಾದ ಡೇಟಾ ಸೆಂಟರಿನ ಎಂಜಿನಿಯರ್ ರತ್ನಾಕರ, ಹೋದ ವಾರ ಕಾರು, ಬ್ಯಾಗು, ಬೂಟು ಎಲ್ಲ ಬಿಟ್ಟು ಕಾಣೆಯಾಗಿದ್ದ. ಅವನನ್ನು ಹುಡುಕಿಕೊಡಿ, ನಿಮ್ಮ ನಂಬರು ಬ್ರಿಕ್‌ಫೀಲ್ಡ್ಸ್ ಬಡಾವಣೆಯ ಪರಿಚಯದವರು ಕೊಟ್ಟರು ಎಂದು ಅವನ ಹೆಂಡತಿ ಭಾನುಮತಿ ಫೋನು ಮಾಡಿದ್ದರಿಂದಲೇ, ಕೆಲಸ ಹೋದ ಮೇಲೆ ಇಂಥ ವಿಚಾರಣೆಗಳನ್ನು ಹಿಡಿದಿದ್ದ ಕ್ರಿಸ್ಟಿನ್ ಪರವಾನಗಿ ಪಡೆದು ಇಲ್ಲಿಗೆ ಬಂದದ್ದು.

ಪೊಲೀಸರ ಲೆಕ್ಕದಲ್ಲಿ ವಿಷಯ ಸರಳವಾಗಿತ್ತು. ಪಟ್ಟಣದ ಮನುಷ್ಯ, ಒಬ್ಬನೇ ಕಾಡುದಾರಿಯಲ್ಲಿ ನಡೆಯಲು ಹೋಗಿ ದಾರಿ ತಪ್ಪಿದ್ದಾನೆ. ಅವರ ತಂಡ ನಾಯಿಗಳೊಂದಿಗೆ ದಿನವೂ ಮೇಲಿನ ತೊರೆಯವರೆಗೆ ಹೋಗಿ ಬರುತ್ತಿತ್ತು.

ಕ್ರಿಸ್ಟಿನ್‌ಗೆ ಒಂದೇ ಅನುಮಾನ. ಕಾಡಿಗೆ ನಡೆಯಲು ಹೋದವನು ಬೂಟು ಯಾಕೆ ಬಿಟ್ಟುಹೋದ?

*

ಆ ಸಂಜೆ ಮತ್ತೊಮ್ಮೆ ರತ್ನಾಕರ ಇದ್ದ ಕೋಣೆಗೆ ಹೋದಳು.

ಇಲ್ಲಿನ ಕೋಣೆಗಳಿಗೆ ಸಂಖ್ಯೆಯಿಲ್ಲ, ಮರಗಳ ಹೆಸರು. ಇದು ಪೈನ್ ಮರದ ಕೋಣೆ. ಕಾಗದ ಅಂಟಿಸಿದ ಜಾರುಬಾಗಿಲು, ನೆಲಕ್ಕೆ ಹುಲ್ಲಿನ ದಪ್ಪ ಚಾಪೆ, ಮೊಳಕಾಲೆತ್ತರದ ಒಂದು ಮೇಜು. ಬಂದ ಮೊದಲ ದಿನ ಕ್ರಿಸ್ಟಿನ್ ಚಪ್ಪಲಿ ಹಾಕಿಕೊಂಡೇ ಈ ಚಾಪೆ ತುಳಿದಿದ್ದಳು. ಯೋಕ್ ಮೈಮೇಲೆ ಬಿಸಿನೀರು ಬಿದ್ದವರಂತೆ ಕಣ್ಣು ಮುಚ್ಚಿಕೊಂಡಿದ್ದರು. ಬೀದಿಯ ಚಪ್ಪಲಿ ಹೊಸ್ತಿಲಲ್ಲಿ, ಮನೆಯ ಚಪ್ಪಲಿ ಓಣಿಯಲ್ಲಿ, ಚಾಪೆಯ ಮೇಲೆ ಬರಿಗಾಲು: ಈ ಮನೆಯಲ್ಲಿ ಕಾಲಿಗೂ ಒಂದು ಶಿಷ್ಟಾಚಾರವಿತ್ತು.

ಅವಳು ಯೋಕ್‌ರನ್ನು ಮತ್ತೆ ಕೇಳಿದಳು. ರತ್ನಾಕರ ಹೇಗಿದ್ದ?

ಶಾಂತ ಮನುಷ್ಯ, ಎಂದರು ಯೋಕ್. ಸೋಂಕಿನ ಭಯ ಬಹಳ. ಬಂದ ದಿನ ಬಾಗಿಲಲ್ಲಿ ಅಂಟಿಸಿದ ಕ್ಯೂಆರ್ ಕೋಡನ್ನು ಫೋನಿನಿಂದ ಸ್ಕ್ಯಾನ್ ಮಾಡಿ, ಹಣೆಗೆ ಥರ್ಮಾಮೀಟರ್ ಹಿಡಿಸಿಕೊಂಡು ಒಳಗೆ ಬಂದ. ಪಾಸ್‌ಪೋರ್ಟಿನ ಪ್ರತಿ ಮೊದಲೇ ಇಮೇಲಿನಲ್ಲಿ ಬಂದಿತ್ತು. ಊಟದ ತಟ್ಟೆ ಬಾಗಿಲ ಹೊರಗಿಡಬೇಕು, ನಾನು ಹೋದ ಮೇಲೆ ಅವನು ಒಳಗೆ ತೆಗೆದುಕೊಳ್ಳುತ್ತಿದ್ದ. ಸ್ನಾನದ ಕೊಳಕ್ಕೂ ಒಬ್ಬೊಬ್ಬರೇ ಹೋಗುವ ನಿಯಮ. ಹೆಸರಿನ ಮರದ ಬಿಲ್ಲೆಯನ್ನು ಬಾಗಿಲಿಗೆ ನೇತುಹಾಕಿದರೆ ಆ ಹೊತ್ತು ಅತ್ತ ಯಾರೂ ಸುಳಿಯುವಂತಿಲ್ಲ.

ಮುಖ ನೋಡಿದ್ದೀರಾ ಎಂದು ಕ್ರಿಸ್ಟಿನ್ ಕೇಳಿದಳು.

ಯೋಕ್ ತಮ್ಮ ನೀಲಿ ಮಾಸ್ಕನ್ನು ಮುಟ್ಟಿ ತೋರಿಸಿದರು. ಈಗ ಯಾರು ಯಾರ ಮುಖ ನೋಡಿದ್ದಾರೆ?

ಗೋಡೆಯ ಗೂಟದಲ್ಲಿ ನೀಲಿ ಗೀಟಿನ ಹತ್ತಿಯ ನಿಲುವಂಗಿ ತೂಗುತ್ತಿತ್ತು. ಇಲ್ಲಿ ತಂಗಿದವರೆಲ್ಲ ಉಡುವ ಯುಕಾತಾ. ಕ್ರಿಸ್ಟಿನ್ ಅದನ್ನು ತೆಗೆದು ತನ್ನ ಹೆಗಲಿಗೆ ಹಿಡಿದು ನೋಡಿದಳು. ಅಂಚು ಅವಳ ಕಣಕಾಲಿಗೆ ಸರಿಯಾಗಿ ಬಂತು. ಅತಿಥಿ ಹೊಸ್ತಿಲು ದಾಟುವಾಗಲೇ ಎತ್ತರ ಅಂದಾಜು ಮಾಡಿ ಅಳತೆಯದನ್ನು ತಾನೇ ಆರಿಸಿಕೊಡುತ್ತೇನೆ, ಇಷ್ಟು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ ಎಂದು ಯೋಕ್ ಸ್ವಲ್ಪ ಹೆಮ್ಮೆಯಿಂದ ಹೇಳಿದರು. ಕ್ರಿಸ್ಟಿನ್ ಅರ್ಧ ಮನಸ್ಸಿನಿಂದ ಕೇಳಿಸಿಕೊಂಡು ಅಂಗಿಯನ್ನು ಗೂಟಕ್ಕೆ ಹಾಕಿದಳು. ಅವಳ ತಲೆಯಲ್ಲಿ ಬೂಟಿನ ವಿಷಯವೇ ಓಡುತ್ತಿತ್ತು.

ಊಟ ಅವಳ ಕೋಣೆಗೇ ಬಂತು. ಪುಟ್ಟ ಪುಟ್ಟ ಬಟ್ಟಲುಗಳು, ಒಂದರಲ್ಲಿ ಬೇಯಿಸಿದ ಕುಂಬಳ, ಇನ್ನೊಂದರಲ್ಲಿ ತೊರೆಯ ಮೀನು, ಎಲೆಯ ಮೇಲೆ ಒಂದೇ ಒಂದು ಉಪ್ಪಿನಕಾಯಿ ಹೋಳು. ಮೇಜಿನ ಈಚೆ ಒಂದು ದಿಂಬು, ಆಚೆ ಖಾಲಿ ಚಾಪೆ. ಇಷ್ಟು ಚೆಂದದ ಊಟವನ್ನು ಯಾರಿಗೂ ತೋರಿಸದೆ ತಿನ್ನುವುದು ಅವಳಿಗೆ ಒಂಥರಾ ಕಳ್ಳತನದಂತೆ ಕಂಡಿತು. ಫೋನು ತೆಗೆದು ಫೋಟೋ ಹಿಡಿದಳು. ಯಾರಿಗೆ ಕಳಿಸುವುದೆಂದು ಹೊಳೆಯದೆ ಫೋನು ಮಗುಚಿಟ್ಟಳು.

ಕಿಟಕಿಯಿಂದ ನೋಡಿದರೆ ಅಂಗಳದ ಆಚೆಗಿನ ಸಾಲು ಕೋಣೆಗಳಲ್ಲೆಲ್ಲ ದೀಪ ಉರಿಯುತ್ತಿತ್ತು. ಎಲ್ಲವೂ ಖಾಲಿ ಕೋಣೆಗಳು. ಇದ್ದ ಅತಿಥಿಗೆ ಒಂಟಿ ಅನ್ನಿಸಬಾರದೆಂದು ಯೋಕ್ ಪ್ರತಿ ಸಂಜೆ ಒಂದೊಂದು ಕೋಣೆಗೂ ಹೋಗಿ ದೀಪ ಹಚ್ಚಿ ಬರುತ್ತಿದ್ದರು.

*

ಮಾರನೆಯ ಬೆಳಿಗ್ಗೆ ಭಾನುಮತಿ ಬಂದಳು. ಗಂಡನ ಸಾಮಾನು ಗುರುತಿಸಲು ಪೊಲೀಸರೇ ಪರವಾನಗಿ ಕೊಟ್ಟು ಕರೆಸಿದ್ದರು. ಟ್ಯಾಕ್ಸಿಯಿಂದ ಇಳಿದು, ಗೇಟಿನಲ್ಲಿ ಮಂಜಿನೊಳಗೆ ಒಂದು ಕ್ಷಣ ನಿಂತೇ ಇದ್ದಳು.

ಕ್ರಿಸ್ಟಿನ್ ಅವಳನ್ನು ನೇರವಾಗಿ ನೋಡುತ್ತಿದ್ದದ್ದು ಇದೇ ಮೊದಲು. ಇಲ್ಲಿಯವರೆಗೆ ಎಲ್ಲವೂ ಫೋನಿನಲ್ಲೇ ನಡೆದಿತ್ತು. ಮೈಸೂರಿನ ಕಡೆಯವಳು, ನಲವತ್ತರ ಒಳಗಿನವಳು, ಸಾದಾ ಚೂಡಿದಾರ, ಹಿಂದಕ್ಕೆ ಬಿಗಿದ ಜಡೆ. ನಿದ್ದೆಗೆಟ್ಟ ಕಣ್ಣು. ಗಂಡನ ಕೆಲಸದ ವೀಸಾದ ಬಾಲ ಹಿಡಿದು ಮಲೇಷ್ಯಾಕ್ಕೆ ಬಂದು ಆರೇಳು ವರ್ಷ ಫ್ಲ್ಯಾಟಿನೊಳಗೇ ಕಳೆದವಳು. ಮಕ್ಕಳಿರಲಿಲ್ಲ.

ಯೋಕ್ ಬಾಗಿ ನಮಸ್ಕರಿಸಿದರು. ಭಾನುಮತಿ ಹೊಸ್ತಿಲ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚಿದಳು, ಕಾಲುಚೀಲ ಎಳೆದು ಒಳಗೆ ತುರುಕಿದಳು. ಎದ್ದು, ಈ ಮನೆಯ ರೂಢಿಯಂತೆ ಬೂಟಿನ ಜೋಡಿಯನ್ನು ಮೂತಿ ಬಾಗಿಲ ಕಡೆ ತಿರುಗಿಸಿ ಇಟ್ಟಳು. ಮನೆಯ ಚಪ್ಪಲಿ ಮೆಟ್ಟಿ ಓಣಿಯಲ್ಲಿ ನಡೆದಳು. ಪೈನ್ ಕೋಣೆಯ ಬಾಗಿಲಲ್ಲಿ, ಯಾರೂ ಹೇಳದೆ, ಚಾಪೆಯ ಅಂಚಿನಲ್ಲಿ ಚಪ್ಪಲಿ ಕಳಚಿ ಬರಿಗಾಲಲ್ಲಿ ಒಳಗೆ ಹೋದಳು.

ಹಿಂದೆ ಬರುತ್ತಿದ್ದ ಕ್ರಿಸ್ಟಿನ್ ಅಲ್ಲೇ ನಿಂತಳು. ಮೊದಲ ಸಲ ಬಂದವರು ಇಷ್ಟು ಸಲೀಸಾಗಿ ಒಳಗೆ ಹೋಗಲಾರರು ಎಂಬುದಕ್ಕೆ ಅವಳೇ ಸಾಕ್ಷಿಯಾಗಿದ್ದಳು.

ಆಮೇಲೆ ಭಾನುಮತಿ ಮೇಜಿನ ಬಳಿ ಕಾಲು ಮಡಿಸಿ ಕೂತಾಗ ಕ್ರಿಸ್ಟಿನ್ ಅವಳ ಪಾದ ನೋಡಿದಳು. ಎರಡೂ ಕಾಲಿನ ಎರಡನೆಯ ಬೆರಳಲ್ಲಿ ಕಾಲುಂಗುರ.

ಕಡುಕಪ್ಪು.

ಭಾನುಮತಿ ಒಂದೊಂದಾಗಿ ಸಾಮಾನು ಗುರುತಿಸಿದಳು. ಬ್ಯಾಗು ಅವರದ್ದೇ, ಲ್ಯಾಪ್‌ಟಾಪ್ ಅವರದ್ದೇ, ಬೂಟು ದೀಪಾವಳಿಗೆ ತಾನೇ ಕೊಡಿಸಿದ್ದು. ಜೊತೆಗೆ ಬಂದಿದ್ದ ಪೊಲೀಸಿನವನು ಎಲ್ಲವನ್ನೂ ಕೇಳಿಕೊಂಡು, ಹುಡುಕುವ ತಂಡ ಸೇರಲು ಕಾಡಿನ ಕಡೆ ಹೊರಟ. ಯೋಕ್ ಹಸಿರು ಚಹಾ ತಂದಿಟ್ಟು ಬಾಗಿಲು ಜಾರಿಸಿ ಹೋದರು.

ಕೋಣೆಯಲ್ಲಿ ಇಬ್ಬರೇ ಉಳಿದರು. ಭಾನುಮತಿ ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು, ಕುಡಿಯುತ್ತಿರಲಿಲ್ಲ.

*

"ಭಾನುಮತಿಯವರೇ," ಎಂದಳು ಕ್ರಿಸ್ಟಿನ್, "ನೀವು ಇಲ್ಲಿಗೆ ಮೊದಲು ಬಂದದ್ದುಂಟಾ?"

"ಇಲ್ವಲ್ಲ ಮೇಡಂ. ಇದೇ ಫಸ್ಟ್ ಟೈಮ್. ಪರ್ಮಿಶನ್ ಎಲ್ಲಿ ಕೊಡ್ತಿದ್ರು?"

ಕ್ರಿಸ್ಟಿನ್ ತನ್ನ ಉಂಗುರ ಕಳಚಿ ಮೇಜಿನ ಮೇಲಿಟ್ಟಳು. ನಿನ್ನೆ ಇದು ಬೆಳ್ಳಗಿತ್ತು, ಇಲ್ಲಿನ ನೀರಿಗೆ ಇಳಿದು ಹೀಗಾಯಿತು ಎಂದಳು. ಭಾನುಮತಿಯ ಕಾಲು ತಾನಾಗಿ ಚೂಡಿದಾರದ ಅಂಚಿನೊಳಗೆ ಸರಿಯಿತು.

ಬೆಳ್ಳಿ ಅಂದಮೇಲೆ ಕಪ್ಪಾಗುವುದೇ, ಎಂದಳು ಭಾನುಮತಿ. ಬೆವರಿಗೆ ಆಗುತ್ತದೆ, ಸೋಪಿಗೆ ಆಗುತ್ತದೆ. ಮನೆಯಲ್ಲಿ ಪೂಜೆ ಸಾಮಾನೂ ಆಗಿದೆ. ಈ ಗಡಿಬಿಡಿಯಲ್ಲಿ ತಿಕ್ಕಲು ಯಾರಿಗೆ ಮನಸ್ಸಿದೆ?

ಕ್ರಿಸ್ಟಿನ್ ತಲೆಯಾಡಿಸಿದಳು. ಕ್ಲಾಂಗ್ ಬಂದರಿನ ಒಂದು ವಿಮಾ ಕಚೇರಿಯಲ್ಲಿ ಅವಳು ಹದಿನೈದು ವರ್ಷ ದುಡಿದಿದ್ದಳು, ಲಾಕ್‌ಡೌನಿನಲ್ಲಿ ಕಚೇರಿ ಮುಚ್ಚುವವರೆಗೂ. ಕಂಟೇನರಿನಲ್ಲಿ ಸರಕು ಹಾಳಾಗಿದ್ದರೆ ಅದು ಸಮುದ್ರದ ನೀರು ನುಗ್ಗಿ ಆದದ್ದೋ, ಒಳಗೇ ಹನಿಗಟ್ಟುವ ತೇವದ ‘ಬೆವರಿನಿಂದ’ ಆದದ್ದೋ ಎಂದು ಕಲೆ ನೋಡಿ ಹೇಳುವುದೇ ಅವಳ ಕೆಲಸವಾಗಿತ್ತು. ಬೆವರಿನ ಕಲೆ ಬೇರೆ, ಮುಳುಗಿದ ಕಲೆ ಬೇರೆ.

"ಬೆವರಿಗೆ ಕಪ್ಪಾದರೆ ಸಂದಿಯಲ್ಲಿ ಮಾತ್ರ ಆಗ್ತದೆ," ಎಂದಳು. "ಚಪ್ಪಲಿಗೆ ಉಜ್ಜುವ ಕಡೆ ಯಾವಾಗಲೂ ಬೆಳ್ಳಗೇ ಇರ್ತದೆ. ನಿಮ್ಮದು ಸುತ್ತಲೂ ಒಂದೇ ಸಮ ಕಪ್ಪು. ಅಡಿಯ ಅಂಚು ಮಾತ್ರ ಈಗಷ್ಟೇ ಬೆಳಗಲಿಕ್ಕೆ ಶುರುವಾಗಿದೆ. ಅಂದರೆ ನೀವು ನೀರಲ್ಲಿ ಕಾಲಿಟ್ಟು ತುಂಬ ದಿನ ಆಗಲಿಲ್ಲ. ಬಾಗಿಲಲ್ಲಿ ಬೂಟು ತಿರುಗಿಸಿ ಇಟ್ಟದ್ದೂ ನೋಡಿದೆ. ನಿಮ್ಮ ಗಂಡ ಕಾಣೆಯಾದ ದಿನ ನೀವು ಇಲ್ಲಿದ್ರಿ. ಅವರಿಗೆ ಎಂತ ಆಯ್ತು, ಹೇಳಿ."

ಹೊರಗೆ ಕೊಳಕ್ಕೆ ಬುಗ್ಗೆಯ ನೀರು ಬೀಳುವ ಸದ್ದು. ಭಾನುಮತಿ ಮಾಸ್ಕು ತೆಗೆದು ಮಡಿಲಲ್ಲಿಟ್ಟುಕೊಂಡಳು. ಗಲ್ಲದ ಮೇಲೆ ಎಲಾಸ್ಟಿಕ್ಕಿನ ಗೆರೆ ಕೆಂಪಗೆ ಎದ್ದಿತ್ತು.

"ನಾನು ಅವರಿಗೆ ಏನೋ ಮಾಡಿದೀನಿ ಅಂದ್ಕೊಂಡ್ರಾ?"

"ಹಾಗೆ ಅಂದ್ಕೊಳ್ಳದೆ ಇರಲಿಕ್ಕೆ ಒಂದು ಕಾರಣ ಕೊಡಿ."

ಆಗ ಭಾನುಮತಿ ಹೇಳತೊಡಗಿದಳು. ಮೊದಲು ತಡವರಿಸುತ್ತ, ಆಮೇಲೆ ಎಷ್ಟೋ ದಿನದಿಂದ ಮಾತಾಡಲು ಯಾರೂ ಸಿಗದವರಂತೆ ಒಂದೇ ಉಸಿರಿನಲ್ಲಿ.

ವರ್ಷದ ಕೊನೆಗೆ ರತ್ನಾಕರ ತನಗೆ ತಲೆ ಕೆಟ್ಟುಹೋಗಿದೆ ಎಂದಿದ್ದ. ಮನೆಯಿಂದಲೇ ಕೆಲಸ ಮಾಡುವುದಾದರೆ ಬೆಟ್ಟದ ಮೇಲಿಂದ ಮಾಡಿದರೇನು, ಒಂದಿಷ್ಟು ದಿನ ಒಬ್ಬನೇ ಇರುತ್ತೇನೆ ಎಂದು ಹೊರಟಿದ್ದ. ಹೋದ ಮೇಲೆ ಗಡಿ ಮುಚ್ಚಿತು. ಇಲ್ಲೇ ಇರ್ತೀನಿ ಎಂದು ಮೆಸೇಜು ಬಂತು. ವೀಡಿಯೋ ಕಾಲ್ ಮಾಡಿದರೆ ಎತ್ತುತ್ತಿರಲಿಲ್ಲ, ಬೆಟ್ಟದಲ್ಲಿ ನೆಟ್‌ವರ್ಕ್ ಸಾಲದು ಎನ್ನುತ್ತಿದ್ದ. ಬರುತ್ತಿದ್ದದ್ದು ಬರೀ ಮೆಸೇಜು.

ಸೈಬರ್‌ಜಯಾದ ಹದಿನಾಲ್ಕನೆಯ ಮಹಡಿಯ ಫ್ಲ್ಯಾಟಿನಲ್ಲಿ ಅವಳು ಒಬ್ಬಳೇ. ಕೆಳಗೆ ರಸ್ತೆಗಳು ಖಾಲಿ. ಹೋಟೆಲಿನಿಂದ ತಪಾವ್ ಊಟ ತಂದುಕೊಡುವ ಹುಡುಗನೂ ಪೊಟ್ಟಣ ಬಾಗಿಲಲ್ಲಿಟ್ಟು ಓಡಿಹೋಗುತ್ತಿದ್ದ. ಟೀವಿಯಲ್ಲಿ ಮಾತಾಡುವವರಿಗೆ ತಾನು ಉತ್ತರ ಕೊಡುತ್ತಿದ್ದೇನೆಂದು ಒಂದು ದಿನ ಅವಳಿಗೆ ಗೊತ್ತಾಯಿತು.

"ಒಂದಿನ ಸಂಜೆ ಮೆಸೇಜ್ ಬಂತು. ಊಟ ಆಯ್ತಾ ಅಂತ." ಭಾನುಮತಿ ಬಟ್ಟಲನ್ನು ಕೆಳಗಿಟ್ಟಳು. "ಮೇಡಂ, ಮದುವೆಯಾಗಿ ಇಷ್ಟು ವರ್ಷ ಆಯ್ತು. ನಮ್ಮನೆಯವರು ಯಾವತ್ತೂ ನನ್ನ ಊಟ ಆಯ್ತಾ ಅಂತ ಕೇಳಿದವರಲ್ಲ. ಕೆಟ್ಟವರು ಅಂತಲ್ಲ. ಅವರಿಗೆ ಅದು ಹೊಳೆಯಲ್ಲ. ಮಾರನೇ ದಿನಾನೂ ಕೇಳಿದ್ರು. ಆಮೇಲೆ ದಿನಾ. ಏನು ಅಡುಗೆ, ಒಬ್ಳೇ ಇದೀನಿ ಅಂತ ಯಾಕೆ ಮೊಸರನ್ನದಲ್ಲೇ ಮುಗಿಸ್ತೀಯಾ, ಹೀಗೆಲ್ಲ."

"ಅದು ಅವರಲ್ಲ ಅಂತ ನಿಮಗೆ ಆಗಲೇ ಗೊತ್ತಾಯ್ತು."

"ಗೊತ್ತಾಯ್ತು." ಅವಳು ಕಿಟಕಿಯ ಕಡೆ ನೋಡಿದಳು. "ಗೊತ್ತಾದ ಮೇಲೂ ಉತ್ತರ ಬರೀತಾ ಇದ್ದೆ. ಯಾರೋ ಕೇಳ್ತಾ ಇದ್ರಲ್ಲ."

ಕ್ರಿಸ್ಟಿನ್ ತಲೆ ತಗ್ಗಿಸಿದಳು.

ಕೊನೆಗೆ ಭಾನುಮತಿಗೆ ಹೆದರಿಕೆ ಹುಟ್ಟಿತು. ಗಂಡನ ಫೋನು ಬೇರೆಯವರ ಕೈಯಲ್ಲಿದ್ದರೆ ಗಂಡ ಎಲ್ಲಿ? ಬೆಂತೋಂಗ್‌ನಿಂದ ಸೆಲಾಯಾಂಗ್‌ನ ಸಗಟು ಮಾರುಕಟ್ಟೆಗೆ ಶುಂಠಿ ತರುವ ಒಬ್ಬ ತಮಿಳಿನವನು ಅವಳ ದಿನಸಿ ಅಂಗಡಿಯವನಿಗೆ ಪರಿಚಯ. ದಿನಸಿ ವಾಹನಗಳಿಗೆ ಗಡಿಯಲ್ಲಿ ತಡೆಯಿರಲಿಲ್ಲ. ಮರಳಿ ಹೊರಟ ಅವನ ವ್ಯಾನಿನಲ್ಲಿ ಖಾಲಿ ಗೋಣಿಚೀಲಗಳ ನಡುವೆ ಅವಳು ಮೈ ಮುದುಡಿ ಕೂತು ಬಂದಳು. ಚೆಕ್‌ಪೋಸ್ಟಿನಲ್ಲಿ ವ್ಯಾನು ನಿಂತಾಗ ಉಸಿರು ಬಿಗಿಹಿಡಿದಿದ್ದಳು. ಸಿಕ್ಕಿಬಿದ್ದರೆ ದಂಡವಷ್ಟೇ ಅಲ್ಲ, ಅವಳು ಈ ದೇಶದಲ್ಲಿರುವುದೇ ಗಂಡನ ವೀಸಾದ ಮೇಲೆ. ಗಂಡನೂ ಇಲ್ಲದೆ, ತಪ್ಪೂ ಮಾಡಿ ಸಿಕ್ಕರೆ ವಿಮಾನ ಹತ್ತಿಸಿಬಿಡುತ್ತಾರೆ. ಆಮೇಲೆ ಅವನನ್ನು ಹುಡುಕುವವರು ಯಾರು? ಇಷ್ಟು ದಿನ ಅವಳು ಬಾಯಿ ಬಿಡದಿದ್ದದ್ದು ಇದಕ್ಕೇ.

ಗುಡ್ಡದ ಬುಡದಲ್ಲಿ ವ್ಯಾನಿನಿಂದ ಇಳಿದು ಗಂಡನ ನಂಬರಿಗೆ ಮೆಸೇಜು ಹಾಕಿದಳು. ಬಂದಿದೀನಿ. ಉತ್ತರ ಬರಲು ತುಂಬ ಹೊತ್ತು ಹಿಡಿಯಿತು. ಹಿಂದಿನ ಗೇಟಿನಿಂದ ಬಾ, ಸ್ನಾನದ ಕೊಳದ ಹತ್ತಿರ ಕೂತಿರು, ಬಾಗಿಲಿಗೆ ನನ್ನ ಬಿಲ್ಲೆ ಹಾಕಿರ್ತೀನಿ, ಯಾರೂ ಬರಲ್ಲ. ಮನೆಯೊಳಗೆ ಬಂದರೆ ಎಲ್ಲೆಲ್ಲಿ ಚಪ್ಪಲಿ ಬಿಡಬೇಕು, ಹೇಗೆ ತಿರುಗಿಸಿ ಇಡಬೇಕು ಎಂಬುದನ್ನೂ ಬರೆದಿತ್ತು.

ಅವಳು ಕೊಳದ ಬಂಡೆಯ ಮೇಲೆ ಕೂತಳು. ಕಾಲು ಚಳಿಗೆ ಮರಗಟ್ಟಿತ್ತು. ಬೂಟು ಬಿಚ್ಚಿ ಎರಡೂ ಪಾದ ನೀರಿಗೆ ಇಳಿಬಿಟ್ಟಳು. ಬಿಸಿ ಮೊಳಕಾಲಿನವರೆಗೆ ಹತ್ತಿದಾಗ, ಎಷ್ಟು ದಿನಗಳಿಂದಲೋ ತನ್ನನ್ನು ಏನೂ ಮುಟ್ಟಿಯೇ ಇರಲಿಲ್ಲ ಎನ್ನಿಸಿ ಅಳು ಬಂತಂತೆ. ಅಷ್ಟರಲ್ಲಿ ಬಾಗಿಲಿನ ಪರದೆ ಸರಿಯಿತು.

"ಬಂದವರು ನಮ್ಮನೆಯವರಲ್ಲ."

"ಮಾಸ್ಕ್ ಹಾಕಿದ್ರಲ್ಲ. ಹಬೆ ಬೇರೆ. ಹೇಗೆ ಹೇಳ್ತೀರಿ?"

ಭಾನುಮತಿ ಎದ್ದು ಗೋಡೆಯ ಗೂಟದಿಂದ ನೀಲಿ ಗೀಟಿನ ನಿಲುವಂಗಿ ತೆಗೆದಳು. ತೋಳು ಹಿಡಿದು ಅಗಲಿಸಿದಳು.

"ಇದನ್ನ ಹಾಕ್ಕೊಂಡಿದ್ರು. ನಮ್ಮನೆಯವರು ಆರಡಿಗಿಂತ ಎತ್ತರ. ಇದನ್ನ ಅವರು ಹಾಕ್ಕೊಂಡ್ರೆ ಅರ್ಧ ಕಾಲಿಗೇ ನಿಂತುಬಿಡುತ್ತೆ. ಪೊಲೀಸಿನವರು ದಿನಾ ಇದರ ಮುಂದೆ ಓಡಾಡಿದಾರೆ."

ಕ್ರಿಸ್ಟಿನ್‌ಗೆ ಕಿವಿ ಬಿಸಿಯಾಯಿತು. ಪೊಲೀಸರಷ್ಟೇ ಅಲ್ಲ. ನಿನ್ನೆ ಸಂಜೆ ತಾನೇ ಅದನ್ನು ಹೆಗಲಿಗೆ ಹಿಡಿದು, ತನ್ನ ಅಳತೆಗೆ ಸರಿಯಾಗಿದೆ ಎಂದು ನೋಡಿ, ಮತ್ತೆ ಗೂಟಕ್ಕೆ ಹಾಕಿದ್ದಳು.

ಹಾಗಾದರೆ ಇಷ್ಟು ದಿನ ಈ ಕೋಣೆಯಲ್ಲಿದ್ದದ್ದು ಬೇರೆಯವನು. ಬೂಟು ಅವನ ಅಳತೆಯದಲ್ಲದ್ದರಿಂದಲೇ ಬಿಟ್ಟುಹೋಗಿದ್ದ. ರತ್ನಾಕರ ಈ ಬೆಟ್ಟಕ್ಕೆ ಬಂದೇ ಇರಲಿಲ್ಲ. ಎರಡು ತಿಂಗಳ ಹಿಂದೆ ಸೈಬರ್‌ಜಯಾದ ಮನೆಯಿಂದ ಕಾರು ಹತ್ತಿದ ಮನುಷ್ಯ ದಾರಿಯಲ್ಲೆಲ್ಲೋ ಇಳಿದುಹೋಗಿದ್ದ. ಅವನ ಕಾರು, ಅವನ ಫೋನು, ಅವನ ಹೆಸರು ಮಾತ್ರ ಕಿರಿಯಾಮಾಕ್ಕೆ ಬಂದಿದ್ದವು.

"ಅವನು ನಿಮಗೆ ಎಂತ ಹೇಳಿದ?"

ಹೆಚ್ಚೇನೂ ಹೇಳಲಿಲ್ಲವಂತೆ. ಕೊಳದ ಆಚೆಯ ಅಂಚಿನಲ್ಲೇ ನಿಂತು, ಹೆದರಬೇಡಿ ಎಂದ. ಸ್ವಲ್ಪ ದಿನ ತನ್ನ ಹೆಸರಿನಲ್ಲಿ ಇಲ್ಲಿ ಕೂತಿರಬೇಕು ಎಂದು ರತ್ನಾಕರನೇ ಕೇಳಿಕೊಂಡದ್ದು, ಎರಡು ವಾರದಲ್ಲಿ ಬಂದು ಬಿಡಿಸುತ್ತೇನೆ ಎಂದಿದ್ದ, ಬರಲಿಲ್ಲ. ಎಲ್ಲಿದ್ದಾನೋ ನನಗೂ ಗೊತ್ತಿಲ್ಲ. ಮೆಸೇಜು ಬರೆದದ್ದಕ್ಕೆ ಕ್ಷಮಿಸಿ, ನನಗೂ ಇಲ್ಲಿ ಮಾತಾಡಲು ಯಾರೂ ಇರಲಿಲ್ಲ. ಯಾರಿಗೂ ಕಾಣದಂತೆ ವ್ಯಾನಿಗೆ ಹೋಗಿ ಸೇರಿ ಎಂದ. ಆಮೇಲೆ ಕತ್ತಲಾಗುವ ಮೊದಲೇ ಅವನೂ ಇಲ್ಲಿಂದ ಹೋಗಿದ್ದ. ಅಂದಿನಿಂದ ಫೋನು ಸ್ವಿಚ್ ಆಫ್.

"ಕನ್ನಡದಲ್ಲಿ ಮಾತಾಡಿದನಾ?"

"ಕನ್ನಡಾನೇ. ನಿಮ್ಮ ಥರದ ಕನ್ನಡ. ಮಂಗಳೂರು ಕಡೆಯವರ ಥರ."

ಕ್ರಿಸ್ಟಿನ್ ಬಟ್ಟಲಿನ ಕಡೆ ಚಾಚಿದ ಕೈ ಅಲ್ಲೇ ನಿಂತಿತು.

ಭಾನುಮತಿ ನಿಲುವಂಗಿಯನ್ನು ಮಡಿಸಿ ಮಡಿಲಲ್ಲಿಟ್ಟುಕೊಂಡಳು. ಮುಂದಿನದನ್ನು ಹೇಳಲು ಅವಳಿಗೆ ಹಿಂಜರಿಕೆಯಿದ್ದಂತೆ ಕಂಡಿತು.

"ನಿಮ್ಮ ಹತ್ರ ಇನ್ನೊಂದು ಸುಳ್ಳು ಹೇಳಿದೀನಿ. ನಿಮ್ಮ ನಂಬರ್ ಬ್ರಿಕ್‌ಫೀಲ್ಡ್ಸ್‌ನಲ್ಲಿ ಯಾರೋ ಪರಿಚಯದವರು ಕೊಟ್ರು ಅಂದೆನಲ್ಲ, ಅದಲ್ಲ. ಕೊಳದ ಹತ್ರ ಬಂದಿದ್ರಲ್ಲ, ಅವರೇ ಕೊಟ್ಟಿದ್ದು. ಬಾಯಲ್ಲೇ ಹೇಳಿದ್ರು, ನಾನು ಫೋನಿನಲ್ಲಿ ಹಾಕ್ಕೊಂಡೆ. ನನಗೇನಾದ್ರೂ ಆದ್ರೆ ಪೊಲೀಸರಿಗಿಂತ ಮೊದಲು ಇವಳಿಗೆ ಫೋನ್ ಮಾಡಿ ಅಂದ್ರು. ಕಿನ್ನಿ ಬರ್ತಾಳೆ, ಅವಳು ಬಂದೇ ಬರ್ತಾಳೆ ಅಂದ್ರು."

ಸ್ವಲ್ಪ ತಡೆದು ಕೇಳಿದಳು. "ಕಿನ್ನಿ ಅಂದ್ರೆ ನೀವೇನಾ?"

ಕಿನ್ನಿ. ಪುಟ್ಟದು. ತುಳು ಆಡುವ ಕೆಲಸದವಳೊಬ್ಬಳು ಎಂದೋ ಕರೆದು ಮನೆಯಲ್ಲಿ ಉಳಿದುಹೋದ ಹೆಸರು. ಆ ಹೆಸರಿನಿಂದ ಕ್ರಿಸ್ಟಿನ್‌ಳನ್ನು ಕೂಗುತ್ತಿದ್ದವರು ಲೋಕದಲ್ಲಿ ಇಬ್ಬರೇ. ಒಬ್ಬಳು ಅಮ್ಮ, ಬೋಂದೆಲ್‌ನ ಇಗರ್ಜಿಯ ಹಿಂದೆ ಮಣ್ಣಿನಡಿ ಮಲಗಿದ್ದಾಳೆ. ಇನ್ನೊಬ್ಬ ಅಣ್ಣ ರಾಬಿನ್. ಸರಕು ಹಡಗಿನಲ್ಲಿ ಅಧಿಕಾರಿಯಾಗಿದ್ದವನು ಒಂದು ದಿನ ಸಿಂಗಪುರದಲ್ಲಿ ಇಳಿದು ಹೋದವನು ಮತ್ತೆ ಹಡಗಿಗೂ ಬರಲಿಲ್ಲ, ಮನೆಗೂ ಬರಲಿಲ್ಲ. ಅಮ್ಮ ಹೋದ ಸುದ್ದಿ ಮುಟ್ಟಿಸಲು ಕ್ರಿಸ್ಟಿನ್ ಹಳೆಯ ನಂಬರುಗಳಿಗೆಲ್ಲ ಫೋನು ಮಾಡಿದ್ದಳು. ಯಾವುದೂ ರಿಂಗಾಗಿರಲಿಲ್ಲ. ಅವನು ಬದುಕಿದ್ದಾನೆಯೇ ಎಂದು ಕೇಳಿದವರಿಗೆ ಗೊತ್ತಿಲ್ಲ ಎನ್ನುವುದು ಅವಳಿಗೆ ರೂಢಿಯಾಗಿಹೋಗಿತ್ತು.

ಬದುಕಿದ್ದ. ಹೋದ ವಾರದವರೆಗೆ ಈ ಚಾಪೆಯ ಮೇಲೆ ಮಲಗಿದ್ದ, ಈ ಕಿಟಕಿಯಿಂದ ಖಾಲಿ ಕೋಣೆಗಳ ದೀಪ ನೋಡಿದ್ದ. ಪರಿಚಯವೇ ಇಲ್ಲದ ಹೆಂಗಸಿಗೆ ಸಂಜೆ ಸಂಜೆ ಮೆಸೇಜು ಬರೆಯುವಷ್ಟು ಒಂಟಿಯಾಗಿದ್ದ. ತಂಗಿಯ ನಂಬರು ಬಾಯಿಪಾಠವಿದ್ದೂ ಅವಳಿಗೆ ಒಮ್ಮೆಯೂ ಬರೆದಿರಲಿಲ್ಲ.

ಕ್ರಿಸ್ಟಿನ್ ಏನೋ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಓಣಿಯಲ್ಲಿ ಬಿರುಸು ಹೆಜ್ಜೆ. ಬಾಗಿಲು ಜಾರಿತು. ಯೋಕ್ ನಿಂತಿದ್ದರು. ಅವಸರದಲ್ಲಿ ಅವರು ಮನೆಯ ಚಪ್ಪಲಿಯಲ್ಲೇ ಚಾಪೆ ತುಳಿದಿದ್ದರು, ಅದು ಅವರ ಗಮನಕ್ಕೇ ಬಂದಿರಲಿಲ್ಲ.

ಕಾಡಿನಿಂದ ಪೊಲೀಸರ ಫೋನು, ಎಂದರು. ಮೇಲಿನ ತೊರೆಯ ಕೆಳಗೆ, ಬಂಡೆಗಳ ನಡುವೆ, ಒಬ್ಬ ಗಂಡಸು ಸಿಕ್ಕಿದ್ದಾನೆ. ಗುರುತಿಸಲು ಮನೆಯವರು ಯಾರಾದರೂ ಈಗಲೇ ಬರಬೇಕಂತೆ.

ಜೀವ ಇದೆಯಾ ಎಂದು ಭಾನುಮತಿ ಇಂಗ್ಲಿಷಿನಲ್ಲಿ ಕೇಳಿದಳು.

ಅದನ್ನು ಹೇಳುವ ಮೊದಲೇ ಲೈನು ಕಡಿದುಹೋಯಿತು, ಎಂದರು ಯೋಕ್.

ಭಾನುಮತಿ ಮೇಜು ಹಿಡಿದು ಏಳತೊಡಗಿದಳು. ಕ್ರಿಸ್ಟಿನ್ ಅವಳ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಕೂರಿಸಿದಳು.

"ನೀವು ಕೂತ್ಕೊಳ್ಳಿ," ಎಂದಳು. "ಮನೆಯವರು ನಾನು."